ತೀರ್ಥಪ್ಪನವರ ತೋಳು

ತರೀಕೆರೆಯ ಆಸ್ಪತ್ರೆಯಲ್ಲಿ ಒಂದು ವಾರ ಮಲಗಿ ಅಜ್ಜಂಪುರದ ಮನೆಗೆ ಬಂದ ತೀರ್ಥಪ್ಪನವರಿಗೆ ಮೆಣಸಿನ ಸಾರು ಬಡಿಸುವ ಮೊದಲೇ ಜಗಳ ಹತ್ತಿಕೊಂಡಿತು. ಜಗಳಕ್ಕೆ ಕಾರಣ ಡಾಕ್ಟರು ಬರೆದುಕೊಟ್ಟ ಎರಡು ಇಂಜೆಕ್ಷನ್. ಒಂದು ಫ್ಲೂ ಜ್ವರದ್ದು, ವರ್ಷ ವರ್ಷವೂ ಹಾಕಿಸಿಕೊಳ್ಳಬೇಕು. ಇನ್ನೊಂದು ನ್ಯುಮೋನಿಯಾದ್ದು. ವಯಸ್ಸು ಅರವತ್ತೈದು ದಾಟಿದೆ, ಹುಡುಗನಾಗಿದ್ದಾಗಿನಿಂದ ಹಿಟ್ಟಿನ ಗಿರಣಿಯ ಧೂಳು ಕುಡಿದ ಎದೆ, ಇನ್ನೊಂದು ಸಲ ಹೀಗೆ ಕಫ ಕಟ್ಟಿದರೆ ನಾನು ಭರವಸೆ ಕೊಡಲಾರೆ ಎಂದು ಡಾಕ್ಟರು ಮುಖಕ್ಕೇ ಹೇಳಿದ್ದರು. ಸ್ವಲ್ಪ ಸುಧಾರಿಸಿಕೊಳ್ಳಲಿ, ಆದರೆ ಚಳಿ ಬೀಳುವ ಮೊದಲು ಎರಡೂ ಆಗಿರಬೇಕು ಅಂದಿದ್ದರು. ಮನೆಯಲ್ಲಿ ಸಕ್ಕರೆ ಕಾಯಿಲೆಯವರು ಇದ್ದರೆ ಅವರಿಗೂ ಒಳ್ಳೆಯದು ಎಂದೂ ಸೇರಿಸಿದ್ದರು. ಆ ಮಾತನ್ನು ಮಗ ರುದ್ರಮೂರ್ತಿ ಕೇಳಿದ್ದ, ಸೊಸೆ ಸಂಗೀತಾಳೂ ಕೇಳಿದ್ದಳು.

ರುದ್ರಮೂರ್ತಿಯ ತಲೆಯಲ್ಲಿ ಮಾತ್ರ ಅದು ಬಿಲ್ಲಿನ ಕಿಟಕಿಯವರೆಗೂ ಉಳಿಯಲಿಲ್ಲ. ಅಪ್ಪನ ಹಾಸಿಗೆಗೆ, ಆಕ್ಸಿಜನ್ನಿಗೆ, ಔಷಧಿಗೆ ಎಲ್ಲಕ್ಕೂ ಸರ್ಕಾರದ ಆರೋಗ್ಯ ಕಾರ್ಡು ನಡೆದಿತ್ತು. ಅದೇ ಠೀವಿಯಲ್ಲಿ ಇಂಜೆಕ್ಷನ್ನಿಗೂ ಕಾರ್ಡು ತಳ್ಳಿದರೆ ಕಿಟಕಿಯ ಹುಡುಗಿ ಅದನ್ನು ವಾಪಸ್ಸು ತಳ್ಳಿದಳು.

"ಅಡ್ಮಿಟ್ ಆದ್ರೆ ಮಾತ್ರ ಸಾರ್ ಕಾರ್ಡು. ಇದು ಮುಂಜಾಗ್ರತೆಗೆ ಹಾಕೋದು. ಕೈಯಿಂದಾನೇ ಕೊಡ್ಬೇಕು."

"ಅಂದ್ರೆ ನಮ್ಮಪ್ಪ ಮತ್ತೆ ಬಿದ್ರೆ ಸರ್ಕಾರ ಕೊಡುತ್ತೆ, ಬೀಳ್ದಂಗೆ ನೋಡ್ಕೊಂಡ್ರೆ ನಾನು ಕೊಡ್ಬೇಕು?"

"ಹಂಗೇ ಸಾರ್."

"ಯಾವ ಸೀಮೆ ನ್ಯಾಯ ಕಣಮ್ಮ ಇದು?"

ಹಿಂದೆ ನಿಂತಿದ್ದವರು ಗೊಣಗತೊಡಗಿದರು. ಅವನು ಚೀಟಿಯನ್ನು ಜೇಬಿಗೆ ತುರುಕಿಕೊಂಡು ಅಪ್ಪನನ್ನು ಬಾಡಿಗೆ ಕಾರಿಗೆ ಹತ್ತಿಸಿದ. ಊರು ತಲುಪುವವರೆಗೂ ಸರ್ಕಾರವನ್ನು ಬೈದ.

ಮನೆಯಲ್ಲಿ ಮಲ್ಲಿಕಾಂಬ ಆ ಚೀಟಿಯನ್ನು ಕಣ್ಣೆತ್ತಿಯೂ ನೋಡಲಿಲ್ಲ. ತೀರ್ಥಪ್ಪನವರ ಹೆಂಡತಿ, ಆ ಮನೆಯ ಒಲೆ, ನೀರು, ಬೀಗದ ಕೈ ಎಲ್ಲಕ್ಕೂ ಒಡತಿ. ತಟ್ಟೆಗೆ ಅನ್ನ ಹಾಕುತ್ತಲೇ ತೀರ್ಪು ಕೊಟ್ಟಳು.

"ಕೊರೊನಾ ಕಾಲದಲ್ಲಿ ಸಾಲಾಗಿ ಹಾಕಿಸ್ಕೊಂಡಿದ್ದೀವಲ್ಲ. ಆ ಸೂಜಿಗಳೆಲ್ಲಾ ಎಲ್ಲಿ ಹೋದ್ವು?"

"ಅದು ಬೇರೆ ರೋಗದ್ದು ಅತ್ತೆ. ಇದು ಬೇರೆ."

"ಒಂದೊಂದು ರೋಗಕ್ಕೆ ಒಂದೊಂದು ಚುಚ್ತಾ ಹೋದ್ರೆ ನಿಮ್ಮಾವನ ತೋಳು ಜರಡಿ ಆಗುತ್ತೆ ಅಷ್ಟೇ. ರೋಗ ಮನೆಗೆ ತರೋಳು ನೀನು. ದಿನಾ ಶಿವನಿ ಬಸ್ಸಲ್ಲಿ ಹೋಗಿ, ಸಿಂಬಳ ಸುರಿಸೋ ಮಕ್ಕಳ ಮಧ್ಯೆ ಕೂತು ಬತ್ತೀಯ. ಸೂಜಿ ನಿಮ್ಮಾವನಿಗಾ?"

ಸಂಗೀತಾ ಶಿವನಿಯ ಶಾಲೆಯಲ್ಲಿ ಅತಿಥಿ ಶಿಕ್ಷಕಿ. ಮದುವೆಯಾಗಿ ಎರಡು ವರ್ಷ, ತವರು ಕಡೂರು. ಅತ್ತೆ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ, ಅದಕ್ಕೇ ಅವಳಿಗೆ ಇನ್ನೂ ಉರಿಯಿತು. ಸೌಟನ್ನು ಪಾತ್ರೆಯೊಳಗೆ ಕುಕ್ಕಿ ಹೊರಗೆ ಹೋದಳು.

ತೀರ್ಥಪ್ಪನವರು ಒಬ್ಬರೇ ಸದ್ದಿಲ್ಲದೆ ಊಟ ಮುಗಿಸಿದರು. ಅವರಿಗೆ ಊಟಕ್ಕೂ ಉಸಿರಿಗೂ ಒಟ್ಟಿಗೆ ಬಾಯಿ ಸಾಲುತ್ತಿರಲಿಲ್ಲ.

ಮಾರನೆಯ ದಿನ ರುದ್ರಮೂರ್ತಿ ಊರಿನ ಸರ್ಕಾರಿ ಆಸ್ಪತ್ರೆಗೆ ಹೋದ. ನ್ಯುಮೋನಿಯಾ ಇಂಜೆಕ್ಷನ್ನು ಅಲ್ಲಿ ಪುಕ್ಕಟೆ ಎಂದು ತಮ್ಮ ಗಿರಣಿಗೆ ಬಂದವರು ಯಾರೋ ಹೇಳಿದ್ದರು. ಪುಕ್ಕಟೆ ಹೌದು, ಒಂದು ವರ್ಷದೊಳಗಿನ ಕೂಸುಗಳಿಗೆ ಎಂದು ಅಲ್ಲಿಯ ನರ್ಸಮ್ಮ ಅಂದರು.

"ಹಂಗಾದ್ರೆ ನಮ್ಮಪ್ಪನ್ನ ತೊಟ್ಟಿಲಲ್ಲಿ ಹಾಕ್ಕೊಂಡು ಬರ್ಲಾ?"

"ನನ್ನ ಮೇಲೆ ಯಾಕ್ರೀ ರೇಗ್ತೀರಾ? ದೊಡ್ಡೋರಿಗೆ ಹಾಕಿಸ್ಬೇಡಿ ಅಂದ್ನಾ? ಹಾಕಿಸಿ ಅಂತಾನೇ ನಾವೂ ಹೇಳ್ತೀವಿ. ನಮ್ಮ ಹತ್ರ ಬರೋದು ಮಕ್ಕಳದ್ದು ಅಷ್ಟೇ."

ಹಾಕಿಸಿ ಎನ್ನುವುದು ಬೇರೆ, ಹಾಕಿಕೊಡುತ್ತೇವೆ ಎನ್ನುವುದು ಬೇರೆ. ಈ ಸಣ್ಣ ವ್ಯತ್ಯಾಸವನ್ನು ನುಂಗಿಕೊಳ್ಳಲಾರದೆ ರುದ್ರಮೂರ್ತಿ ಆ ದಿನ ಗಿರಣಿಗೆ ಬಂದ ಗಿರಾಕಿಗಳ ಮೇಲೆಲ್ಲಾ ಹರಿಹಾಯ್ದ. ಸಂಜೆ ಸಂಗೀತಾ, "ನನ್ನ ಸಂಬಳ ಬಂದಿದೆ, ನಾನೇ ಹಾಕಿಸ್ತೀನಿ ಬಿಡ್ರೀ" ಅಂದಾಗ ಉಳಿದ ಸಿಟ್ಟೂ ಅವಳ ಪಾಲಿಗೆ ಬಂತು.

"ನಮ್ಮಪ್ಪನಿಗೆ ಸೂಜಿ ಹಾಕ್ಸೋಕೆ ಹೆಂಡ್ತಿ ಸಂಬಳ ಕಾಯೋನು ಅಂತ ಊರಲ್ಲಿ ಆಡ್ಕೊಳ್ಳಲಿ ಅಂತಾನಾ?"

"ಊರೋರು ನಿಮ್ಮಪ್ಪನ ಎದೆ ನೋಡ್ಕೊಳ್ಳಲ್ಲ. ನನ್ನಪ್ಪಂಗೂ ಹಿಂಗೇ ಆಯ್ತು. ಈ ವಾರ, ಮುಂದಿನ ವಾರ ಅಂತ ಮುಂದಕ್ಕೆ ಹಾಕ್ತಾ ಹಾಕ್ತಾ ಹೋಗೇಬಿಟ್ರು."

ಸಂಗೀತಾಳ ಅಪ್ಪ ಲಕ್ಷ್ಮಣಪ್ಪ ಕಡೂರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡುತ್ತಿದ್ದವರು. ಕೊರೊನಾದ ಎರಡನೆಯ ಅಲೆಯಲ್ಲಿ, ಸೂಜಿಯ ಸರತಿಯಲ್ಲಿ ನಿಲ್ಲಲು ಪುರುಸೊತ್ತಿಲ್ಲ ಎನ್ನುತ್ತಲೇ ತೀರಿಕೊಂಡಿದ್ದರು. ಈ ಮಾತು ಬಂದರೆ ರುದ್ರಮೂರ್ತಿ ತಣ್ಣಗಾಗುತ್ತಿದ್ದ. ಅವನು ಕೆಟ್ಟವನಲ್ಲ, ಬಾಯಿ ಮಾತ್ರ ಮನೆತನದ್ದು. ಶನಿವಾರ ಹೋಗುವುದೆಂದು ನಿಂತಿತು.

ಆದರೆ ಶುಕ್ರವಾರ ಬೆಳಿಗ್ಗೆ ತೀರ್ಥಪ್ಪನವರ ಮಗಳು ಕೋಮಲಾಳ ಫೋನು ಬಂತು. ಅವಳನ್ನು ಕೊಟ್ಟದ್ದು ತರೀಕೆರೆಗೆ. ತವರಿನಲ್ಲಿ ತನ್ನನ್ನು ಕೇಳದೆ ಏನಾದರೂ ನಡೆದರೆ ಅವಳಿಗೆ ನಿದ್ದೆ ಬರುವುದಿಲ್ಲ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಮಲ್ಲಿಕಾಂಬ ಫೋನನ್ನು ಸ್ಪೀಕರಿಗೆ ಹಾಕಿ ಪಕ್ಕದಲ್ಲಿಟ್ಟುಕೊಂಡಿದ್ದಳು.

"ಅಮ್ಮಾ, ಆ ಫ್ಲೂ ಇಂಜೆಕ್ಷನ್ ಯಾತರಲ್ಲಿ ಮಾಡ್ತಾರೆ ಗೊತ್ತಾ? ಕೋಳಿಮೊಟ್ಟೆ ಒಳಗೆ ಬೆಳೆಸಿ ಮಾಡ್ತಾರಂತೆ. ಫೋನಲ್ಲಿ ಓದಿದೆ."

ಮಲ್ಲಿಕಾಂಬಳ ಕೈ ರೊಟ್ಟಿಯ ಮೇಲೆಯೇ ನಿಂತಿತು. ಪಡಸಾಲೆಯಲ್ಲಿ ಪೂಜೆ ಮುಗಿಸಿ ಲಿಂಗದ ಕರಡಿಗೆಯನ್ನು ಕೊರಳಿಗೆ ಹಾಕಿಕೊಳ್ಳುತ್ತಿದ್ದ ತೀರ್ಥಪ್ಪನವರಿಗೂ ಅದು ಚೆನ್ನಾಗಿ ಕೇಳಿಸಿತು.

ಇದು ಎಂಥ ಮನೆ ಎಂದರೆ, ಮೊಟ್ಟೆ ಹಾಕಿದ ಬಿಸ್ಕತ್ತು ಹೊಸಿಲು ದಾಟಿದರೆ ತಟ್ಟೆ ತೊಳೆದು ಬಿಸಿಲಿಗೆ ಇಡುವ ಮನೆ. ಕೋಳಿ ಫಾರಂನವರು ಒಣಮೀನು ಬೆರೆಸಿದ ತೀನಿ ಬೀಸಿಕೊಡಿ ಎಂದು ಎಷ್ಟು ಸಲ ಕೇಳಿದರೂ ತೀರ್ಥಪ್ಪನವರು ಗಿರಣಿಯ ಕಲ್ಲಿಗೆ ಅದನ್ನು ಮುಟ್ಟಿಸಿರಲಿಲ್ಲ. ಅಪ್ಪ ಒಪ್ಪಿದ್ದರೆ ಇಷ್ಟು ಹೊತ್ತಿಗೆ ಎರಡನೇ ಗಿರಣಿ ಹಾಕಬಹುದಿತ್ತು ಎನ್ನುವುದು ರುದ್ರಮೂರ್ತಿಯ ಹಳೆಯ ಹುಣ್ಣು.

"ಸಂಗೀತಾ! ಬಾರೇ ಇಲ್ಲಿ. ನಿನಗೆ ಗೊತ್ತಿತ್ತಾ ಇದು?"

ಬಸ್ಸಿಗೆ ಹೊರಟಿದ್ದವಳು ಚಪ್ಪಲಿ ಬಿಟ್ಟು ಒಳಗೆ ಬಂದಳು. "ಗೊತ್ತಿತ್ತು."

"ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ಯಾ?"

"ಹೇಳಿದ್ರೆ ಹಿಂಗೇ ಆಗುತ್ತೆ ಅಂತ ಗೊತ್ತಿತ್ತು ಅತ್ತೆ. ಅದನ್ನ ಶುದ್ಧ ಮಾಡ್ತಾರೆ. ಮಾವ ಮೊಟ್ಟೆ ತಿಂದಂಗಾಗಲ್ಲ. ನ್ಯುಮೋನಿಯಾದ್ರಲ್ಲಿ ಅದೂ ಇಲ್ಲ."

"ಕೇಳಿದ್ರೇನ್ರೀ? ಲಿಂಗ ಕಟ್ಟಿರೋ ಮೈಗೆ ಕದ್ದು ಮೊಟ್ಟೆ ಏರಿಸೋಕೆ ಹೊಂಚಾಕಿದ್ಲು ನಿಮ್ಮ ಸೊಸೆ."

ರುದ್ರಮೂರ್ತಿ ಗಿರಣಿಯಿಂದ ಓಡಿ ಬಂದ. ಬಂದವನು ಯಾರ ಕಡೆ ನಿಲ್ಲಬೇಕೆಂದು ತಿಳಿಯದೆ ಅಪ್ಪನ ಮೇಲೇ ಏರಿದ. "ನಿಮ್ಮ ಮಡಿಗೋಸ್ಕರ ಕೋಳಿ ಫಾರಂ ಕೆಲಸ ಬಿಟ್ಟೆ. ಈಗ ನೀವು ಉಸಿರು ಬಿಟ್ಟು ಮಡಿ ಉಳಿಸ್ಕೊಳ್ತೀರಾ?"

"ಏನಂದ್ಯೋ?" ತೀರ್ಥಪ್ಪನವರು ಎದ್ದು ನಿಂತರು. ನಿಂತದ್ದಕ್ಕೇ ಕೆಮ್ಮು ಒತ್ತರಿಸಿ ಬಂತು. ಗೋಡೆ ಹಿಡಿದು ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂದು ಮತ್ತೆ ಕೂತರು. ಸಂಗೀತಾ ನೀರಿಗೆ ಓಡಿದಳು. ಫೋನಿನೊಳಗೆ ಕೋಮಲಾ "ಏನಾಯ್ತಮ್ಮಾ, ಏನಾಯ್ತಮ್ಮಾ" ಅನ್ನುತ್ತಲೇ ಇದ್ದಳು.

ಶನಿವಾರ ಯಾರೂ ಎಲ್ಲಿಗೂ ಹೋಗಲಿಲ್ಲ. ವಾರವಿಡೀ ಆ ಮನೆಯಲ್ಲಿ ತಟ್ಟೆಗಳೇ ಮಾತಾಡಿದವು. ಮಲ್ಲಿಕಾಂಬ ಸೊಸೆಯ ತಟ್ಟೆಗೆ ಮುದ್ದೆಯನ್ನು ಮೇಲಿನಿಂದ ಬಿಡುತ್ತಿದ್ದಳು, ಸೊಸೆ ತೊಳೆದ ಪಾತ್ರೆಗಳನ್ನು ಬಡಿದು ಜೋಡಿಸುತ್ತಿದ್ದಳು. ಜಗಳದ ಗಲಾಟೆಯಲ್ಲಿ ಮಲ್ಲಿಕಾಂಬ ತನ್ನ ಸಕ್ಕರೆ ಮಾತ್ರೆಯನ್ನು ಮರೆಯುವುದು ಮಾಮೂಲಾಗಿತ್ತು. ಅದನ್ನು ಯಾರೂ ಕೇಳಲಿಲ್ಲ.

ಸೋಮವಾರ ಬೆಳಿಗ್ಗೆ ಮೃತ್ಯುಂಜಯ ಅಯ್ನೋರು ಬಂದರು. ಈ ಮನೆಯ ಮದುವೆ, ನಾಮಕರಣ, ಲಿಂಗಧಾರಣೆ ಎಲ್ಲಾ ಅವರ ಕೈಯಿಂದಲೇ ಆಗುವುದು. ಪ್ರತಿ ಸೋಮವಾರ ಒಂದು ಲೋಟ ಹಾಲು ಕುಡಿದು, ಪಡಿ ಅಕ್ಕಿ ತೆಗೆದುಕೊಂಡು ಹೋಗುವರು. ತೀರ್ಥಪ್ಪನವರು ಅವರ ಪಾದ ಮುಟ್ಟಿದವರೇ ಕೇಳಿಬಿಟ್ಟರು.

"ಅಯ್ನೋರೆ, ಮೊಟ್ಟೇಲಿ ಮಾಡಿದ ಔಷಧಿ ನಮ್ಮಂಥೋರು ಮೈಗೆ ಹಾಕಿಸ್ಕೋಬೋದಾ?"

"ಫ್ಲೂದ್ದಾ?"

"ಹೂಂ."

"ನಾನು ಹೋದ ವರ್ಷವೇ ಹಾಕಿಸ್ಕೊಂಡೆ ಕಣಪ್ಪ. ಈ ವರ್ಷದ್ದೂ ಆಯ್ತು. ದಿನಾ ಹತ್ತು ಮನೆ ತಿರುಗೋನು ನಾನು, ಮನೆಮನೆಗೂ ಕೆಮ್ಮು ಹಂಚ್ಕೊಂಡು ಹೋಗ್ಲಾ?"

ತೀರ್ಥಪ್ಪನವರ ಮುಖ ಮೊದಲು ಸಣ್ಣಗಾಯಿತು, ಆಮೇಲೆ ಹಗುರಾಯಿತು. ಅವರಿಗೂ ಬದುಕುವ ಆಸೆಯಿತ್ತು. ಇಷ್ಟು ದಿನ ಅದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತಿತ್ತು ಅಷ್ಟೆ.

ಹಾಲಿನ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದ ಮಲ್ಲಿಕಾಂಬ ಲೋಟವನ್ನು ವಾಪಸ್ಸು ಒಳಗೆ ತೆಗೆದುಕೊಂಡು ಹೋದಳು. ಅವಳು ಆ ಮನೆಗೆ ಸೊಸೆಯಾಗಿ ಬಂದ ಮೇಲೆ ಮೊದಲ ಸಲ ಅಯ್ನೋರು ಬರಿಗೈಯಲ್ಲಿ ಮೆಟ್ಟಿಲಿಳಿದರು.

"ಗಂಡಸರಿಗೆ ಏನು ಬೇಕಾದ್ರೂ ನಡೆಯುತ್ತೆ. ಹೋಗಿ, ಹಾಕಿಸ್ಕೊಳ್ಳಿ. ಈ ಮನೇಲಿ ಒಬ್ರಾದ್ರೂ ಲಿಂಗದ ಮಾನ ಉಳಿಸ್ಬೇಕಲ್ಲ, ನಾನು ಉಳಿಸ್ತೀನಿ" ಅಂದಳು ಮಲ್ಲಿಕಾಂಬ. ಅವಳ ಈ ಪ್ರತಿಜ್ಞೆಯನ್ನು ಎಲ್ಲರೂ ಸಿಟ್ಟಿನ ಮಾತೆಂದು ತಿಳಿದರು. ಅದರ ಬೆಲೆ ಏನೆಂದು ಯಾರೂ ಯೋಚಿಸಲಿಲ್ಲ.

ತರೀಕೆರೆಗೆ ಹೊರಟ ದಿನ ಗಿರಣಿಯಲ್ಲಿ ರಾಗಿ ಮೂಟೆಗಳು ಬಂದು ಬಿದ್ದಿದ್ದರಿಂದ ರುದ್ರಮೂರ್ತಿ ಬರಲಾಗಲಿಲ್ಲ. ಸಂಗೀತಾ ಮಾವನನ್ನು ಕರೆದುಕೊಂಡು ಹೋಗುವುದೆಂದಾಯಿತು. ಮಲ್ಲಿಕಾಂಬಳೂ ಸೀರೆ ಬದಲಿಸಿ ನಿಂತಳು.

"ನೀವ್ಯಾಕೆ ಅತ್ತೆ? ಚಳಿ ಗಾಳಿ ಬೇರೆ."

"ಒಬ್ಳ ಕೈಲಿ ಬಿಡೋಕೆ ನನಗೇನು ತಲೆ ಕೆಟ್ಟಿದ್ಯಾ? ನಿಮ್ಮಪ್ಪನ್ನ ಉಳಿಸ್ಕೊಳ್ಳೋಕೆ ಆಗ್ಲಿಲ್ಲ, ನಮ್ಮನೆಯವ್ರನ್ನ ಉಳಿಸೋಕೆ ಬಂದುಬಿಟ್ಲು."

ಬಸ್ಸಿನಲ್ಲಿ ಸಂಗೀತಾ ಮಾವನ ಪಕ್ಕ ಅತ್ತೆಯನ್ನು ಕೂರಿಸಿ ತಾನು ಕಂಬಿ ಹಿಡಿದು ದಾರಿಯುದ್ದಕ್ಕೂ ನಿಂತೇ ಬಂದಳು. ಅಪ್ಪ ಕೊನೆಯ ಸಲ ಫೋನಿನಲ್ಲಿ ಉಸಿರೆಳೆದ ಸದ್ದು ಅವಳ ಕಿವಿಯಲ್ಲಿತ್ತು.

ಆಸ್ಪತ್ರೆಯ ನರ್ಸು ತೀರ್ಥಪ್ಪನವರ ಅಂಗಿ ಸರಿಸಿ ಒಂದೊಂದು ತೋಳಿಗೆ ಒಂದೊಂದು ಹಾಕಿದಳು. ಅವರು ಕಣ್ಣು ಮುಚ್ಚಿ ಕರಡಿಗೆ ಹಿಡಿದುಕೊಂಡಿದ್ದರು. "ಆಯ್ತಾ? ಇಷ್ಟೇನಾ?" ಎಂದು ಮಗುವಿನ ಹಾಗೆ ನಕ್ಕರು. ಅಷ್ಟು ದಿನದ ಜಗಳಕ್ಕೆ ಕೆಲಸ ಅಷ್ಟೇ ಇತ್ತು.

"ಶಾಲೇಲಿರೋರು ನೀವೂ ಒಂದು ಹಾಕಿಸ್ಕೊಳ್ಳಿ ಮೇಡಂ" ಅಂದಳು ನರ್ಸು.

"ಮುಂದಿನ ತಿಂಗಳು" ಅಂದಳು ಸಂಗೀತಾ. ಅಂದಮೇಲೆ ತನ್ನಪ್ಪನ ಮಾತು ತನ್ನ ಬಾಯಲ್ಲೇ ಬಂತಲ್ಲ ಎಂದು ಅವಳಿಗೆ ಹೊಳೆಯಿತು.

ನರ್ಸು ಮಲ್ಲಿಕಾಂಬಳತ್ತ ತಿರುಗಿದಳು. "ನೀವಮ್ಮ? ಬಿಪಿ, ಶುಗರು ಏನಾದ್ರೂ ಇದ್ಯಾ? ಇದ್ರೆ ನಿಮಗೂ ಹಾಕ್ಬೇಕು."

"ನನಗೇನೂ ಇಲ್ಲ. ಕಲ್ಲುಗುಂಡಿನಂಗಿದೀನಿ" ಅಂದಳು ಮಲ್ಲಿಕಾಂಬ.

ತೀರ್ಥಪ್ಪನವರು ಅಂಗಿಯ ಗುಂಡಿ ಹಾಕಿಕೊಳ್ಳುವುದರಲ್ಲಿದ್ದರು. ಸಂಗೀತಾ ಅತ್ತೆಯ ಮುಖ ನೋಡಿದಳು. ಅತ್ತೆಯೂ ಅವಳ ಮುಖ ನೋಡಿದಳು. ಆ ಸಕ್ಕರೆ ಮಾತ್ರೆಗಳನ್ನು ತಿಂಗಳು ತಿಂಗಳು ಅಂಗಡಿಯಿಂದ ತಂದುಕೊಡುವವಳು ಸಂಗೀತಾಳೇ. ಒಂದು ಮಾತು ಹೇಳಿದ್ದರೆ ನರ್ಸು ಬಿಡುತ್ತಿರಲಿಲ್ಲ. ಹೇಳಬೇಕೆಂದು ಅವಳ ಬಾಯಿಗೆ ಬಂತು, ಅತ್ತೆಯ ಬೆಳಿಗ್ಗೆಯ ಮಾತು ಅದನ್ನು ಅಲ್ಲೇ ತಡೆಯಿತು. ಸಾಯಲಿ ಅತ್ತ ಎಂದು ಮನಸ್ಸಿನಲ್ಲಿ ಅಂದುಕೊಂಡೇ ಅಂದುಕೊಂಡಳು. ಹಾಗೆ ಅಂದುಕೊಳ್ಳದ ಸೊಸೆ ಯಾವ ಮನೆಯಲ್ಲಿದ್ದಾಳೆ? ಮೂವರೂ ಹೊರಗೆ ಬಂದು ಎಳನೀರು ಕುಡಿದರು.

ಕಾರ್ತೀಕ ಕಳೆದು ಚಳಿ ಬಿತ್ತು. ಶಿವನಿಯ ಶಾಲೆಯಲ್ಲಿ ಅರ್ಧ ತರಗತಿ ಕೆಮ್ಮುತ್ತಿತ್ತು. ಒಂದು ಸಂಜೆ ಸಂಗೀತಾ ಕೆಂಪು ಕಣ್ಣು ಮಾಡಿಕೊಂಡು ಬಂದವಳು ಶಾಲು ಹೊದ್ದು ಮಲಗಿದಳು. ಆಮೇಲೆ ರುದ್ರಮೂರ್ತಿ ಬಿದ್ದ. ತೀರ್ಥಪ್ಪನವರಿಗೂ ಮೂಗು ಸುರಿಯಿತು, ಮೈ ಬಿಸಿಯಾಯಿತು. ಇನ್ನೇನು ಕಾದಿದೆಯೋ ಎಂದು ಎಲ್ಲರೂ ಅವರ ಎದೆಯನ್ನೇ ನೋಡುತ್ತಾ ಕೂತರು. ಎರಡು ದಿನ ಗಂಜಿ ಕುಡಿದು ಅವರು ಎದ್ದು ಗಿರಣಿಯ ಕಟ್ಟೆಗೆ ಹೋಗಿ ಕೂತರು.

ಈ ಮೂವರಿಗೂ ಕಷಾಯ ಕಾಸಿದವಳು, ಬೆವರಿದ ಬಟ್ಟೆ ಒಗೆದವಳು, ಹಬೆಗೆ ನೀರು ಕಾಯಿಸಿದವಳು ಮಲ್ಲಿಕಾಂಬ. ಅವಳು ಬಿದ್ದದ್ದು ಕೊನೆಗೆ. ಅವರೆಕಾಳಿನ ಸಾರಿಗೆ ಒಗ್ಗರಣೆ ಹಾಕುತ್ತಾ ಒಲೆಯ ಮುಂದೆಯೇ ಕುಸಿದಳು. ರುದ್ರಮೂರ್ತಿ ಎತ್ತಿಕೊಂಡಾಗ ಮೈ ಕಾದ ಹೆಂಚಾಗಿತ್ತು, ಉಸಿರು ಮೇಲಿಂದ ಮೇಲೆ ಹೋಗುತ್ತಿತ್ತು.

ತರೀಕೆರೆಯ ಅದೇ ಆಸ್ಪತ್ರೆ. ಅದೇ ಕಿಟಕಿ. ರುದ್ರಮೂರ್ತಿ ಕಾರ್ಡು ಕೊಟ್ಟ, ಹುಡುಗಿ ತೆಗೆದುಕೊಂಡಳು. ಅಡ್ಮಿಟ್ ಆಗಿದ್ದರಲ್ಲ, ಈ ಸಲ ನಡೆಯಿತು.

ಎರಡೂ ಶ್ವಾಸಕೋಶಕ್ಕೆ ನ್ಯುಮೋನಿಯಾ ಇಳಿದಿದೆ, ಸಕ್ಕರೆ ಮಿತಿಮೀರಿದೆ ಅಂದರು ಡಾಕ್ಟರು. "ಇವರಿಗೆ ಶುಗರ್ ಇತ್ತಲ್ಲ, ಇಂಜೆಕ್ಷನ್ ಹಾಕಿಸಿರ್ಲಿಲ್ವಾ?"

ಡಾಕ್ಟರು ಆಚೆ ಹೋದ ಮೇಲೆ, ಸುದ್ದಿ ಕೇಳಿ ಬಂದಿದ್ದ ಕೋಮಲಾ ಬಾಯಿ ತೆರೆದಳು.

"ಶಾಲೆಯಿಂದ ರೋಗ ತಂದು ನಮ್ಮಮ್ಮನಿಗೆ ಅಂಟಿಸಿದ್ರಿ ಅತ್ತಿಗೆ. ಈಗ ತೃಪ್ತಿ ಆಯ್ತಾ?"

"ಮೊಟ್ಟೆ ಮೊಟ್ಟೆ ಅಂತ ಫೋನ್ ಮಾಡಿ ಹೆದರಿಸ್ದೋರು ಯಾರು?" ಅಂದಳು ಸಂಗೀತಾ.

"ನಾನು ಅಪ್ಪಂಗೆ ಹೇಳಿದ್ದು!"

"ಅಪ್ಪಂಗೆ ಹೇಳಿದ್ದು ಅಮ್ಮಂಗೆ ನಾಟ್ತು. ಹೋಗಿ ಹೇಳು ಡಾಕ್ಟರಿಗೆ" ಅಂದ ರುದ್ರಮೂರ್ತಿ.

"ನೀನೇನು ಸಾಚಾನಾ ಅಣ್ಣ? ಡಾಕ್ಟರು ಶುಗರ್ ಇರೋರಿಗೂ ಅಂದಿದ್ರಂತಲ್ಲ, ಆಗ ನಿನ್ನ ಕಿವಿ ಎಲ್ಲಿತ್ತು?"

ಬೆಂಚಿನ ಮೇಲೆ ಕೂತಿದ್ದ ತೀರ್ಥಪ್ಪನವರು ಊರುಗೋಲನ್ನು ನೆಲಕ್ಕೆ ಬಡಿದರು. ಎಷ್ಟೋ ದಿನಗಳಿಂದ ಅವರ ಗಂಟಲಲ್ಲಿ ಅಷ್ಟು ಜೋರು ದನಿ ಬಂದಿರಲಿಲ್ಲ.

"ಮುಚ್ರೋ ಬಾಯಿ! ವಾರಗಟ್ಲೆ ನನ್ನ ತೋಳು ಹಿಡ್ಕೊಂಡು ಎಳೆದಾಡಿದ್ರಲ್ಲ, ಅವಳಿಗೆ ತೋಳಿರ್ಲಿಲ್ವಾ? ನನಗೂ ಕಾಣ್ಲಿಲ್ಲ, ನಿಮಗೂ ಕಾಣ್ಲಿಲ್ಲ. ನನ್ನ ಪಕ್ಕದಲ್ಲೇ ಕೂತು ಬಸ್ಸಲ್ಲಿ ಬಂದ್ಲು ಕಣ್ರೋ."

ಅವರು ಅಳತೊಡಗಿದರು. ಮಕ್ಕಳಿಬ್ಬರೂ ಬೇರೆ ಬೇರೆ ಗೋಡೆ ನೋಡುತ್ತಾ ನಿಂತರು. ಸಂಗೀತಾ ವಾರ್ಡಿನ ಬಾಗಿಲಿಗೆ ಹೋಗಿ, ಮಾಸ್ಕಿನೊಳಗೆ ಬಾಯಿ ತೆರೆದು ಮಲಗಿದ್ದ ಅತ್ತೆಯನ್ನು ನೋಡಿದಳು. ಕಡೂರಿನಲ್ಲಿ ಅಪ್ಪನನ್ನು ಹೀಗೆ ನೋಡಲು ಬಿಟ್ಟಿರಲಿಲ್ಲ. ಅವಳು ಅಲ್ಲಿಂದ ಕದಲಲಿಲ್ಲ.

ಮಲ್ಲಿಕಾಂಬ ಬದುಕಿದಳು. ಮನೆಗೆ ಬಂದಾಗ ಅರ್ಧವಾಗಿದ್ದಳು, ಬಾಯಿ ಮಾತ್ರ ಪೂರ್ತಿಯಾಗಿತ್ತು. ಮಗನಿಗೆ ಹಾಸಿಗೆಯಿಂದಲೇ ಬೈದಳು, ಕೋಮಲಾ ಮಾಡಿದ ಉಪ್ಪಿಟ್ಟನ್ನು ಕಾಗೆಗೆ ಹಾಕಿಸಿದಳು. ಕೋಮಲಾ ಮುನಿಸಿಕೊಂಡು ತರೀಕೆರೆ ಬಸ್ಸು ಹತ್ತಿದಳು. ಅಯ್ನೋರು ಸೋಮವಾರ ಬಂದಾಗ ಮಾತ್ರ ಏನೂ ಅನ್ನದೆ ಹಾಲು ಕಳಿಸಿದಳು.

ಸಂಗೀತಾಳೊಂದಿಗೆ ಅವಳು ಮಾತಾಡಿರಲಿಲ್ಲ. ಸೊಸೆ ತಂದ ಗಂಜಿ ಕುಡಿಯುವಳು, ಲೋಟ ವಾಪಸ್ಸು ಕೊಡುವಳು, ಗೋಡೆ ಕಡೆ ತಿರುಗುವಳು. ಎದ್ದು ಓಡಾಡುವಂತಾದ ಮೇಲೆ ಒಂದು ಭಾನುವಾರ ಮಧ್ಯಾಹ್ನ, ಗಂಡಸರು ಗಿರಣಿಯಲ್ಲಿದ್ದಾಗ, ಅಡುಗೆಮನೆಗೆ ಬಂದು ಮಣೆ ಎಳೆದುಕೊಂಡು ಕೂತಳು. ಸಂಗೀತಾ ಅವರೆಕಾಯಿ ಸುಲಿಯುತ್ತಿದ್ದಳು.

"ಆವತ್ತು ನರ್ಸು ಕೇಳ್ದಾಗ ನೀನು ನನ್ನ ಮುಖ ನೋಡ್ದೆ."

ಸಂಗೀತಾಳ ಕೈ ನಿಂತಿತು. "ನೋಡ್ದೆ."

"ನನಗೆ ಸಕ್ಕರೆ ಇರೋದು ಗೊತ್ತಿತ್ತು ನಿನಗೆ."

"ಗೊತ್ತಿತ್ತು."

"ಮತ್ಯಾಕೆ ಬಾಯಿ ಬಿಡ್ಲಿಲ್ಲ?"

"ನೀವು ಬೆಳಿಗ್ಗೆ ನಮ್ಮಪ್ಪನ ಮಾತೆತ್ತಿದ್ರಿ."

"ಅದಕ್ಕೆ?"

"ಅದಕ್ಕೇ."

ಮಲ್ಲಿಕಾಂಬ ಮೊರದಿಂದ ಒಂದು ಹಿಡಿ ಅವರೆಕಾಯಿ ತೆಗೆದುಕೊಂಡು ತಾನೂ ಸುಲಿಯತೊಡಗಿದಳು. ಅವಳ ಬೆರಳುಗಳಿಗೆ ಇನ್ನೂ ಬಲ ಬಂದಿರಲಿಲ್ಲ, ಸಿಪ್ಪೆ ಜಾರುತ್ತಿತ್ತು.

"ನಾನಾಗಿದ್ರೂ ಅದನ್ನೇ ಮಾಡ್ತಿದ್ದೆ" ಅಂದಳು.

ಸಂಗೀತಾಳ ಕಣ್ಣು ತುಂಬಿತು. ಅತ್ತೆಗೆ ತೋರಿಸಬಾರದೆಂದು ತಲೆ ತಗ್ಗಿಸಿದಳು.

"ಅಳ್ಬೇಡ, ಕಾಳು ಒದ್ದೆ ಆಗುತ್ತೆ. ಶನಿವಾರ ರಜಾ ಹಾಕು. ತರೀಕೆರೆಗೆ ಹೋಗಣ. ಮೊದ್ಲು ನೀನು ಹಾಕಿಸ್ಕೋಬೇಕು. ರೋಗ ತರೋಳು ನೀನು."

"ಮೊಟ್ಟೇದು ಅತ್ತೆ ಅದು."

"ಗೊತ್ತು ಕಣೇ, ಬಾಯಿ ಮುಚ್ಚು." ಮಲ್ಲಿಕಾಂಬ ಕೈಯಲ್ಲಿದ್ದ ಕಾಯಿಯನ್ನೇ ನೋಡುತ್ತಾ ದನಿ ತಗ್ಗಿಸಿದಳು. "ಆ ನರ್ಸು ಮತ್ತೆ ಕೇಳಿದ್ರೆ, ನಮ್ಮತ್ತೆಗೆ ಸಕ್ಕರೆ ಇದೆ ಅಂತ ನೀನೇ ಹೇಳು. ನನ್ನ ಬಾಯಲ್ಲಿ ಬರಲ್ಲ."